ಗಂಟೆಯ ಸದ್ದಡಗಿಸಿದ ವಿಡಿಯೊ

ಹೈಸ್ಕೂಲಿನ ಭೌತವಿಜ್ಞಾನಕ್ಕೆ ನಾನು ಮಾಡಿದಂಥ ವಿಡಿಯೊ ಪಾಠವನ್ನು ಮೂರು ಲೋಕದಲ್ಲಿ ಯಾರೂ ಮಾಡಿಲ್ಲ. ಗಾಜಿನ ಜಾಡಿಯೊಳಗೆ ವಿದ್ಯುತ್ ಗಂಟೆ ಬಡಿಯುತ್ತಿರುವಾಗ ಪಂಪಿನಿಂದ ಒಳಗಿನ ಗಾಳಿ ತೆಗೆದರೆ ಸದ್ದು ಅಡಗಬೇಕು. ಬೇರೆಯವರ ಪಂಪಿಗೆ ಸದ್ದು ಸಣ್ಣಗಾಗುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ. ನನ್ನ ಪಂಪೋ, ಊರಿನ ಗಾಳಿಯನ್ನೆಲ್ಲ ಹೀರಿಬಿಡುವಂಥದ್ದು. ಅಂಗಿಗೆ ಹೊಸ ಮೈಕು ಸಿಕ್ಕಿಸಿಕೊಂಡು ಜಾಡಿಯ ಪಕ್ಕ ನಿಂತು ನಾನು ಕೊಟ್ಟ ವಿವರಣೆಗೆ ಗೋಡೆಗಳೂ ತಲೆದೂಗಿದ್ದವು.

ಜಿಲ್ಲೆಯ ಎಲ್ಲ ಶಾಲೆಗಳಿಗೆ ಒಂದೇ ವಿಡಿಯೊ ಆರಿಸುವ ದಿನ ಆಯ್ಕೆ ಸಮಿತಿಯ ಅಧ್ಯಕ್ಷರು, "ಹೊತ್ತಿಲ್ಲ ಮೇಷ್ಟ್ರೇ, ಕೊನೇ ಭಾಗ ಮಾತ್ರ ಹಾಕಿ" ಎಂದರು. ಹಾಕಿದೆ.

ಪರದೆಯ ಮೇಲೆ ಗಂಟೆಯ ಸುತ್ತಿಗೆ ಪಟಪಟ ಬಡಿಯುತ್ತಿತ್ತು. ಎಳ್ಳಷ್ಟೂ ಸದ್ದಿಲ್ಲ.

"ಅಬ್ಬ, ಪೂರ್ತಿ ನಿಂತೇ ಹೋಯ್ತಲ್ರೀ," ಅಧ್ಯಕ್ಷರು ಕುರ್ಚಿಯ ತುದಿಗೆ ಬಂದರು. "ನಮ್ಮ ಕಾಲೇಜಲ್ಲೂ ಹೀಗಾಗಿರ್ಲಿಲ್ಲ."

"ಎಲ್ಲಾ ಕೈಗುಣ ಸಾರ್," ಎಂದೆ.

"ಇದೇ ಇರ್ಲಿ," ಎಂದು ಅವರು ಸಹಿಗೆ ಪೆನ್ನು ತೆರೆದರು.

ಮೂಲೆಯಲ್ಲಿದ್ದ ಸದಸ್ಯೆ ಮೇಡಂ ಕನ್ನಡಕ ಸರಿಪಡಿಸಿಕೊಂಡರು. "ಜಾಡಿ ಒಳಗಿದ್ದಿದ್ದು ಗಂಟೆ, ಸರಿ. ಹೊರಗೆ ನಿಂತು ಕೈ ಬೀಸಿ ಬೀಸಿ ಮಾತಾಡ್ತಿದೀರಲ್ಲ ಮೇಷ್ಟ್ರೇ, ನಿಮ್ಮ ದನಿ ಎಲ್ಲಿ ಹೋಯ್ತು?"