ಏಳನೆಯ ಹಾಡು

"ಕುಕ್ಕರ್ ಕೂಗಿಬಿಡ್ತು. ಇನ್ನೊಂದ್ಸಲ," ಎಂದು ತಂಗಿ ಹೆಡ್‌ಫೋನ್ ಕಿತ್ತಳು. ಗೋಡೆಗೆ ಹಾಸಿಗೆ ಒರಗಿಸಿ, ಕಿಟಕಿಗೆ ಕಂಬಳಿ ಹೊದಿಸಿ, ಪೊರಕೆ ಕೋಲಿಗೆ ಮೈಕ್ ಕಟ್ಟಿದ್ದ ಕೋಣೆ ಮಧ್ಯಾಹ್ನದ ಹೊತ್ತಿಗೆ ಕಾದ ಹಂಚಾಗಿತ್ತು. ಎದುರಿಗೆ ಅಣ್ಣ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದ. ಡ್ರಮ್ ಸೆಟ್ ಯಾವ ಕಾಲಕ್ಕೋ ಮಾರಿಹೋಗಿದ್ದರಿಂದ ಅವನ ಮುಂದಿದ್ದದ್ದು ಖಾಲಿ ಸೂಟ್‌ಕೇಸು.

ವಾರವಿಡೀ ಡ್ರೈವಿಂಗ್ ಸ್ಕೂಲಿನಲ್ಲಿ "ಕ್ಲಚ್ ಒತ್ರೀ, ಕ್ಲಚ್ಚು!" ಎಂದು ಗಂಟಲು ಹರಿದುಕೊಂಡು, ಭಾನುವಾರ ಉಳಿದಷ್ಟು ದನಿಯಲ್ಲಿ ಅವಳು ಆಲ್ಬಮ್ ಮಾಡುತ್ತಿದ್ದಳು. ಗಿಟಾರೂ ಅವಳದೇ, ಹಾಡೂ ಅವಳದೇ. ಆರು ಹಾಡು ಮುಗಿದಿದ್ದವು. ಏಳನೆಯದು ಮಾತ್ರ ತಾಳವಿಲ್ಲದೆ ನಿಲ್ಲಲೊಲ್ಲದು. ಮನಸ್ಸು ಗಟ್ಟಿ ಮಾಡಿ ಅಣ್ಣನಿಗೆ ಫೋನ್ ಮಾಡಿದ್ದಳು. ಅವನು ತನ್ನ ಕನ್ನಡಕದ ಅಂಗಡಿಗೆ ಬೀಗ ಜಡಿದು ಬಂದಿದ್ದ.

ಇದೇ ಕೋಣೆಯಲ್ಲಿ ಒಂದು ಕಾಲಕ್ಕೆ ಇಬ್ಬರದೇ ಬ್ಯಾಂಡ್ ಇತ್ತು. ಇವರು ಶುರು ಮಾಡಿದರೆ ಅಡುಗೆಮನೆಯ ಲೋಟಗಳು ತಾವಾಗಿಯೇ ಸರಿಯುತ್ತಿದ್ದವು. "ಭೂಕಂಪ ಹೆತ್ತಿದೀನಿ, ಅದೂ ಎರಡೆರಡು," ಎಂದು ಅಮ್ಮ ಹೇಳುತ್ತಿದ್ದಳು. ಬಂದವರ ಮುಂದೆ ಮಾತ್ರ ಅದನ್ನೇ ಹೆಮ್ಮೆಯಿಂದ ಹೇಳುತ್ತಿದ್ದಳು.

ಈ ಸಲ ಕುಕ್ಕರ್ ಸುಮ್ಮನಿತ್ತು. ತಂಗಿ ಕಣ್ಣು ಮುಚ್ಚಿ ಹಾಡಿದಳು: 'ದೀಪ ಹೊತ್ತಿತು, ಜನ ಎದ್ದರು, ನೀನು ಬರಲಿಲ್ಲ.' ಸೂಟ್‌ಕೇಸಿನ ಮೇಲಿನ ತಾಳ ತಡವರಿಸಿ ನಿಂತೇಬಿಟ್ಟಿತು.

"ಇದು ನನ್ನ ಮೇಲೇ ಅಲ್ವಾ?" ಎಂದ ಅಣ್ಣ.

"ಇನ್ಯಾರ ಮೇಲೆ? ಅಷ್ಟು ದೊಡ್ಡ ಹಾಲಲ್ಲಿ ನಮ್ಮ ಮೊದಲ್ನೇ ಕಾರ್ಯಕ್ರಮ. ನೀನಿಲ್ದೆ ನಾನೊಬ್ಳೇ ನಿಂತಿದ್ದೆ." ಆಮೇಲೆ ಇಪ್ಪತ್ತೆರಡು ವರ್ಷ ಅವಳು ವೇದಿಕೆ ಹತ್ತಿರಲಿಲ್ಲ. ಬಸ್ಸು ಕೆಟ್ಟುಹೋಯಿತೆಂದು ಅಣ್ಣ ಅಂದು ಹೇಳಿದ್ದ. ಇವಳೂ ಕೆದಕಿರಲಿಲ್ಲ.

"ಬಸ್ ಕೆಟ್ಟಿರ್ಲಿಲ್ಲ ಕಣೇ. ಹತ್ತು ನಿಮಿಷ ತಡ ಆಗಿತ್ತು, ಅಷ್ಟೇ. ಓಡ್ಕೊಂಡು ಬಂದೆ. ನೀನು ಒಬ್ಳೇ ಶುರು ಮಾಡ್ಬಿಟ್ಟಿದ್ದೆ. ಜನ ಎದ್ದು ನಿಂತು ಕೇಳ್ತಿದ್ರು. ನಿಂಗೆ ನನ್ನ ಅಗತ್ಯಾನೇ ಇಲ್ಲ ಅನ್ನಿಸ್ಬಿಡ್ತು. ಹೊಟ್ಟೆಕಿಚ್ಚು. ಪಕ್ಕದ ಬಾಗಿಲಲ್ಲಿ ಡ್ರಮ್ ಕಡ್ಡಿ ಹಿಡ್ಕೊಂಡು ನಿಂತಿದ್ದು, ಹಾಗೇ ವಾಪಸ್ ಹೋದೆ."

ಬೈಯಬೇಕೋ ಅಳಬೇಕೋ ತಿಳಿಯದೆ ತಂಗಿ ಗಿಟಾರಿನ ತಂತಿಯನ್ನು ಸುಮ್ಮನೆ ಮೀಟಿದಳು. ಕೊನೆಗೆ, ಹಾಡು ಬರೆದಿದ್ದ ಹಾಳೆಯನ್ನು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಳು. "ಹಾಗಾದ್ರೆ 'ನೀನು ಬರಲಿಲ್ಲ' ಅನ್ನೋ ಈ ಸಾಲು ಸುಳ್ಳಾಯ್ತಲ್ಲ. ಬದಲಾಯಿಸ್ತೀನಿ."

ಅಣ್ಣ ಅವಳ ಕೈಯಿಂದ ಪೆನ್ನು ತೆಗೆದುಕೊಂಡ.

"ಹಾಗೇ ಇರ್ಲಿ ಬಿಡು. ಬಾಗಿಲ ತನಕ ಬಂದವನು ಬಂದ ಹಾಗಲ್ಲ."