ಹದಿನೈದು ಯೆನ್ ಐವತ್ತು ಸೆನ್

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಬಾಯಿಪಾಠವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಒಪ್ಪಿಸಿಕೊಂಡಳು. ನಾಲಗೆ ತಪ್ಪಿದರೆ ಮುಗಿಯಿತು. ಮಗು ಒಂದು ಕಡೆ, ತಾನೊಂದು ಕಡೆ.

ನಾಲಗೆಯಿಂದ ಮನುಷ್ಯ ಸಾಯುವುದನ್ನು ಅವಳು ಬಲ್ಲಳು. ಟೋಕಿಯೋದಲ್ಲಿ ಭೂಕಂಪವಾದ ವರ್ಷ, ಬಿದಿರಿನ ಭರ್ಜಿ ಹಿಡಿದ ಜನ ಅವಳ ಗಂಡನನ್ನು ಸೇತುವೆಯ ಮೇಲೆ ತಡೆದು, ಒಂದು ಮಾತು ಹೇಳು ಎಂದಿದ್ದರು. ಅವನು ಹೇಳಿದ. ಮನೆಗೆ ಬರಲಿಲ್ಲ.

ಈಗ ಅವಳು ನಿಂತಿದ್ದದ್ದು ಸಮುದ್ರದ ಈಚೆ, ಅಮೆರಿಕದ ಸ್ಯಾಕ್ರಮೆಂಟೊ ನದಿಯ ದಡದ ಊರಿನಲ್ಲಿ. ಶಾಲೆಯ ಹಾಲಿಗೆ ಎರಡು ಬಾಗಿಲು. ಮುಂಬಾಗಿಲು ಬೀದಿಗೆ. ಹಿಂಬಾಗಿಲಲ್ಲಿ ಬಸ್ಸುಗಳು. ಜಪಾನಿ ರಕ್ತದವರೆಲ್ಲ, ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಮುದುಕರವರೆಗೆ, ಮನೆಮಠ ಬಿಟ್ಟು ಹಿಂಬಾಗಿಲಿಂದ ಹೋಗಬೇಕೆಂದು ಕಂಬಕಂಬಕ್ಕೂ ನೋಟಿಸು ಅಂಟಿಸಿದ್ದರು. ಕೈಯಲ್ಲಿ ಹಿಡಿಯುವಷ್ಟು ಗಂಟು, ಕೋಟಿನ ಗುಂಡಿಗೊಂದು ನಂಬರಿನ ಚೀಟಿ. ಎಲ್ಲಿಗೆ ಎಂದು ಕೇಳಿದರೆ ಸಿಪಾಯಿಗಳಿಗೂ ಗೊತ್ತಿರಲಿಲ್ಲ. ಸರ್ಕಾರ ಹೆದರಿಕೊಂಡರೆ ತೊಟ್ಟಿಲ ಕೂಸೂ ಗೂಢಚಾರನಾಗುತ್ತದೆ.

ಎರಡು ಬಾಗಿಲಿನ ನಡುವೆ ಮೇಜು ಹಾಕಿಕೊಂಡು ಎಲ್ವುಡ್ ಪಾದ್ರಿ ಕೂತಿದ್ದ. ಅರ್ಧ ಆಯುಷ್ಯ ಟೋಕಿಯೋದಲ್ಲಿ ಕಳೆದವನು. ಜಪಾನಿಯನ್ನು ಜಪಾನಿಗಳಿಗಿಂತ ಸೊಗಸಾಗಿ ಆಡುತ್ತಿದ್ದ. ಯಾರು ಜಪಾನಿ, ಯಾರು ಅಲ್ಲ ಎಂದು ಅನುಮಾನ ಬಂದರೆ ಅವನು ಹೇಳಿದ್ದೇ ಕೊನೆ.

ಸೊಂಟದ ಮೇಲಿದ್ದ ಗಿನ್ಕೋಗೆ ಮೂರು ವರ್ಷ. ಹೆತ್ತವಳು ಬಾಣಂತನದಲ್ಲೇ ತೀರಿಕೊಂಡಿದ್ದಳು. ಅಪ್ಪ ಕೊಯಾನಗಿ ತೋಫು ಅಂಗಡಿ ಇಟ್ಟವನು. ಜಪಾನಿನೊಡನೆ ಯುದ್ಧ ಶುರುವಾದ ವಾರವೇ ಪೊಲೀಸರು ಅವನನ್ನು ಏಪ್ರನ್ ಬಿಚ್ಚಲೂ ಬಿಡದೆ ಎಳೆದೊಯ್ದರು. ಮಗು ನಿನ್ನ ಕೈಲಿದೆ ಎಂದಷ್ಟೇ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳಿಗೆ ಹೇಳಿ ಹೋದ. ಹೇಳಬೇಕಾಗಿಯೂ ಇರಲಿಲ್ಲ. ಹುಟ್ಟಿದ ದಿನದಿಂದ ಗಿನ್ಕೋ ಮಲಗುತ್ತಿದ್ದದ್ದು ಅವಳ ಮಗ್ಗುಲಲ್ಲೇ. ಯಾರು ಕೇಳಿದರೂ ನನ್ನನ್ನು ಅಮ್ಮ ಅನ್ನು ಎಂದು ಈಗ ಹೇಳಿಕೊಟ್ಟಿದ್ದಳು.

ಹಿಂದಿನ ದಿನ ಮಧ್ಯಾಹ್ನ ಬಟ್ಟೆ ಒಗೆಯುವ ಅಂಗಡಿಯ ಪಾಕ್ ಅಜ್ಜ ಬಂದಿದ್ದ. ಕೊರಿಯಾದ ಮುದುಕ. ಆ ವಸಂತದಲ್ಲಿ ಚೀನಾದವರೂ ಕೊರಿಯಾದವರೂ ಕಲ್ಲೇಟಿಗೆ ಹೆದರಿ, ತಾವು ಜಪಾನಿಗಳಲ್ಲ ಎಂದು ತೋರಿಸಲು ಎದೆಗೆ ತಗಡಿನ ಬಿಲ್ಲೆ ಚುಚ್ಚಿಕೊಂಡು ಓಡಾಡುತ್ತಿದ್ದರು. ಅಂಥದ್ದೊಂದನ್ನು ಅಜ್ಜ ಅವಳ ಅಂಗೈಯಲ್ಲಿಟ್ಟ. ‘ನಾನು ಕೊರಿಯಾದವಳು’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

"ಇದನ್ನ ಹಾಕ್ಕೊಂಡ್ರೆ ನಿನ್ನ ಯಾರೂ ಮುಟ್ಟಲ್ಲ ಕಣಮ್ಮ."

"ಮಗು?"

"ಮಗುವಿನ ಆಸೆ ಬಿಡು. ನೀನಾದ್ರೂ ಉಳ್ಕೋ."

"ನಾವಿಬ್ರೂ ಒಂದೇ ಬಾಗಿಲಲ್ಲಿ ಹೋಗ್ತೀವಿ, ಅಜ್ಜ."

ಮುದುಕನಿಗೆ ಸಿಟ್ಟು ಬಂತು. "ಯಾರು ಬಿಡ್ತಾರೆ? ನೀನು ಬಾಯಿ ಬಿಟ್ರೆ ಸಾಕು, ನಿನ್ನ ನಾಲಿಗೇನೇ ನಿನ್ನ ಹಿಡ್ಕೊಡತ್ತೆ."

ಅವಳಿಗೂ ಅದೇ ಭಯ. ಕೊರಿಯಾದವರ ಬಾಯಲ್ಲಿ ಪದದ ಮೊದಲಿನ ‘ಗ’ ‘ಕ’ ಆಗುತ್ತದೆ, ‘ಜ’ ‘ಚ’ ಆಗುತ್ತದೆ. ಜಪಾನಿಗಳ ಬಾಯಲ್ಲಿ ಹಾಗಾಗುವುದಿಲ್ಲ. ಈ ಎರಡಕ್ಷರವನ್ನೇ ಅವಳು ಚಳಿಗಾಲವಿಡೀ ತೋಫುಗಾಗಿ ಸೋಯಾ ರುಬ್ಬುತ್ತ ತಿದ್ದಿ ತೀಡಿದ್ದಳು.

ಸಾಲಿನಲ್ಲಿ ಅವಳ ಮುಂದಿದ್ದ ತರುಣನ ಎದೆಯಲ್ಲಿ ಚೀನಾದ ಬಿಲ್ಲೆ ಇತ್ತು. ಪಾದ್ರಿ ಇಂಗ್ಲಿಷಿನಲ್ಲಿ ನಗುನಗುತ್ತ ಊರುಕೇರಿ ವಿಚಾರಿಸಿ, ಸರಿ ಹೋಗು ಎಂದ. ಅವನು ಬೀದಿಯ ಕಡೆ ತಿರುಗಿದ ಮೇಲೆ ಜಪಾನಿಯಲ್ಲಿ ಮೆಲ್ಲಗೆ, "ತಮ್ಮಾ, ಜೇಬಿಂದ ಏನೋ ಬಿತ್ತು ನೋಡು" ಎಂದ. ತರುಣ ನೆಲ ನೋಡಿದ. ಸಿಪಾಯಿ ಅವನ ತೋಳು ಹಿಡಿದು ಬಸ್ಸಿನ ಕಡೆ ತಳ್ಳಿದ.

ಅಷ್ಟರಲ್ಲಿ ಮುಂಬಾಗಿಲಲ್ಲಿ ಗಲಾಟೆ. ಪಾಕ್ ಅಜ್ಜ ಸಿಪಾಯಿಗಳ ಕೈ ಕೊಸರಿಕೊಂಡು ಮೇಜಿನ ಬಳಿಗೇ ಬಂದುಬಿಟ್ಟ. ಇವಳು ಜಪಾನಿಯಲ್ಲ, ಕೊರಿಯಾದವಳು, ನಮ್ಮವಳು, ಬಿಟ್ಟುಬಿಡಿ ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಗೋಗರೆದ. ಮಗುವಿನ ಸುದ್ದಿಯನ್ನೇ ಎತ್ತಲಿಲ್ಲ.

ಇಂಥ ಸಾಕ್ಷಿಗಳನ್ನು ಪಾದ್ರಿ ಬೆಳಗಿನಿಂದ ಸಾಕಷ್ಟು ಕಂಡಿದ್ದ. "ಏನಮ್ಮ, ಈ ಅಜ್ಜ ಹೇಳೋದು ನಿಜವೇನು?"

ಅವಳು ಮುದುಕನ ಕಡೆ ನೋಡಲಿಲ್ಲ. "ನೀವೇ ಪರೀಕ್ಷೆ ಮಾಡಿ, ಸ್ವಾಮಿ."

ಪಾದ್ರಿ ಕನ್ನಡಕ ತೆಗೆದು ಒರೆಸಿಕೊಂಡ. ಭೂಕಂಪದ ವರ್ಷ ಅವನೂ ಟೋಕಿಯೋದಲ್ಲಿದ್ದವನೇ. ನಾಚಿಕೆ ಎಂಬುದಿದ್ದಿದ್ದರೆ ಆ ಮಾತನ್ನು ಕೇಳುತ್ತಿರಲಿಲ್ಲ.

"ಹದಿನೈದು ಯೆನ್ ಐವತ್ತು ಸೆನ್. ಜಪಾನಿಯಲ್ಲಿ ಹೇಳು."

ಜಪಾನಿನ ದುಡ್ಡಿನ ಲೆಕ್ಕದ ಅದೇ ಮಾತು. ಸೇತುವೆಯ ಮೇಲಿನ ಮಾತು. ಏನೂ ತಿಳಿಯದ ಗಿನ್ಕೋ ಅವಳ ಕೂದಲನ್ನು ಹಿಡಿದು ಎಳೆಯುತ್ತಿತ್ತು.

"ಜೂಗೋ-ಎನ್ ಗೋಜಿಸ್ಸೆನ್," ಎಂದಳು.

‘ಜ’ ‘ಜ’ ಆಗಿಯೇ ಬಂತು. ‘ಗ’ ‘ಗ’ ಆಗಿಯೇ ಬಂತು. ಪಾಕ್ ಅಜ್ಜ ತಲೆಯ ಮೇಲೆ ಕೈಹೊತ್ತು ಅಲ್ಲೇ ಕುಸಿದ. ಅಪ್ಪಟ ಟೋಕಿಯೋದವಳು ಎಂದು ಪಾದ್ರಿ ಹಿಂಬಾಗಿಲಿನ ಕಡೆ ಬೆರಳು ಮಾಡಿದ. ಸಿಪಾಯಿ ಇಬ್ಬರ ಕೋಟಿಗೂ ಚೀಟಿ ಕಟ್ಟಿದ.

ಬಸ್ಸು ಹೊರಟಿತು. ಅಂಗಡಿ, ತೋಟ, ದೇವರಮನೆ, ಸಾಕಿದ ನಾಯಿ, ಎಲ್ಲವನ್ನೂ ಬಿಟ್ಟು ಬಂದವರು ಸುತ್ತಲೂ ಅಳುತ್ತಿದ್ದರು. ಅವಳೊಬ್ಬಳು ಮಗುವಿನ ನೆತ್ತಿಗೆ ಮುಖ ಒತ್ತಿ, ಎಷ್ಟೋ ದಿನದ ಮೇಲೆ ನೆಮ್ಮದಿಯ ಉಸಿರು ಬಿಟ್ಟಳು. ಬಸ್ಸು ಊರ ಸೇತುವೆ ದಾಟುವಾಗ ಕೋಟಿನ ಜೇಬಿನಿಂದ ಮುದುಕನ ಬಿಲ್ಲೆಯನ್ನು ತೆಗೆದು ಕಿಟಕಿಯಿಂದ ನದಿಗೆ ಎಸೆದಳು.

ಬಿಲ್ಲೆಯಲ್ಲಿ ಬರೆದದ್ದು ನಿಜವಾಗಿತ್ತು: ಅವಳು ಕೊರಿಯಾದವಳೇ, ಹೆಸರು ಯಾಂಗ್ ಓಕ್‌ಬುನ್, ಟೋಕಿಯೋದಲ್ಲಿ ಕೊರಿಯಾದವರನ್ನು ಹೆಕ್ಕಿ ಕೊಲ್ಲಲು ಕೇಳುತ್ತಿದ್ದ, ಗಂಡನ ನಾಲಗೆ ಹೊರಳದೆ ಅವನ ಜೀವ ತೆಗೆದ ಆ ಮಾತನ್ನೇ ಕಲಿತು, ಜಪಾನಿಯಾಗಿ ಬಸ್ಸು ಹತ್ತಿದ್ದಳು.