ಸಾವಕ್ಕನ ಕೊರಳಿನ ಹಸಿರು ಗಂಟು

"ನನ್ನ ಕೊಳ್ಳಾಗ ದೀಪಾ ಹಚ್ಚತೀರಂತ, ಖರೇ ಏನ್ರಿ ಬಾಯಾರ?" ಆಪರೇಶನ್ನಿನ ಹಿಂದಿನ ದಿನ ಸಾವಕ್ಕ ಕೇಳಿದಳು.

ಡಾಕ್ಟರ್ ರಜನಿ ನಕ್ಕರು. "ದೀಪಾ ಅಲ್ಲ ಸಾವಕ್ಕಾರ. ನಾಲಿಗಿ ಬಲ ಅಂಚಿನ ಕ್ಯಾನ್ಸರ್ ಹುಣ್ಣಿನ ಸುತ್ತ ಒಂದ ಔಷಧ ಚುಚ್ಚತೇವಿ. ಕುತ್ತಿಗ್ಯಾಗ ಎಲ್ಲಾರಿಗೂ ಸಣ್ಣ ಸಣ್ಣ ಗಂಟು ಇರತಾವಲ್ಲ, ಅದರಾಗ ಯಾವ ಗಂಟಿಗೆ ಔಷಧ ಮೊದಲ ಮುಟ್ಟತೈತಿ, ಅದು ಕ್ಯಾಮೆರಾದಾಗ ಹಸರ ಹೊಳೀತೈತಿ. ಕ್ಯಾನ್ಸರ್ ಹಬ್ಬಿದ್ರೂ ಮೊದಲ ಅಲ್ಲಿಗೇ ಹೋಗಿರತೈತಿ. ಆ ಗಂಟು ತಗದು ತಪಾಸ್ ಮಾಡತೇವಿ. ಸ್ವಚ್ಛ ಇದ್ರ ಉಳಿದದ್ದು ಕೊಯ್ಯೂದು ಬ್ಯಾಡ."

"ಇರಲಿಲ್ಲಂದ್ರ?"

"ಕುತ್ತಿಗಿ ಬಲಗಡಿ ಗಂಟೆಲ್ಲಾ ತಗೀಬೇಕು. ಅಲ್ಲೇ ಹೆಗಲಿನ ನರ ಐತಿ, ಆಮ್ಯಾಲೆ ಬಲಗೈ ಎತ್ತೂದು ತ್ರಾಸ ಆಗಬಹುದು."

ಬಲಗೈಯೆಂದರೆ ರೊಟ್ಟಿ ಬಡಿಯುವ ಕೈ. ಸಾವಕ್ಕ ಆ ಅಂಗೈಯನ್ನೊಮ್ಮೆ ನೋಡಿಕೊಂಡಳು. ಆಮೇಲೆ, "ಹೋದ್ರ ಹೋಗವಲ್ದ್ಯಾಕ, ಇವರಿಗೆ ರೊಟ್ಟಿ ಬಡಿಯೂದು ಕಲಸ್ತೇನಿ" ಎಂದು ಗಂಡನ ಕಡೆ ಗದ್ದ ತಿರುವಿದಳು.

ಮದುವೆಯಾದಂದಿನಿಂದ ಶಿದ್ದಪ್ಪನ ಪಾಲಿನ ಮಾತನ್ನೂ ಹೆಂಡತಿಯೇ ಆಡಿ ಮುಗಿಸುತ್ತಿದ್ದಳು. ಬೀಗರು ಅವನನ್ನು ಆರಾಮೇನ್ರಿ ಎಂದು ಕೇಳಿದರೆ, 'ಮೊಳಕಾಲು ನೋವೈತ್ರಿ, ಅಷ್ಟ' ಎಂಬ ಉತ್ತರ ಅಡುಗೆಮನೆಯಿಂದ ಬರುತ್ತಿತ್ತು. ಈಗಲೂ ಡಾಕ್ಟರ್ "ನಿಮಗೇನರ ಕೇಳೂದೈತೇನ್ರಿ ಯಜಮಾನ್ರ?" ಎಂದಾಗ, "ಅವರದೇನೂ ಇಲ್ರಿ" ಎಂದದ್ದು ಸಾವಕ್ಕನೇ. ಆದರೆ ಸೆರಗಿನ ಮರೆಯಲ್ಲಿ ಆಕೆಯ ಕೈ ಅವನ ಧೋತರದ ಚುಂಗನ್ನು ಗಟ್ಟಿಯಾಗಿ ಹಿಡಿದದ್ದು ಅವನೊಬ್ಬನಿಗೇ ಗೊತ್ತಿತ್ತು.

ಮರುದಿನ ಡಾಕ್ಟರ್ ಹೊರಗೆ ಬಂದು ಮಾಸ್ಕ್ ಇಳಿಸಿದರು. "ಛಲೋ ಸುದ್ದಿ ಐತ್ರಿ. ದೊಡ್ಡ ಲೈಟ್ ಆರಿಸಿ ನೋಡಿದ್ವಿ, ಕಡ್ಲಿಕಾಳಿನಂಥಾ ಒಂದ ಗಂಟು ಹಸರ ಮಿಂಚ್ತು. ತಪಾಸ್ ಮಾಡಿದ್ವಿ, ಅದರಾಗ ಕ್ಯಾನ್ಸರ್ ಇಲ್ಲ. ನಾಲಿಗಿ ಅಂಚಷ್ಟ ತಗದೇವಿ."

ಶಿದ್ದಪ್ಪ ರೂಢಿಯಂತೆ, ಉತ್ತರ ಬರಲೆಂದು ಎಡಕ್ಕೆ ತಿರುಗಿದ. ಕುರ್ಚಿ ಖಾಲಿ ಇತ್ತು. ಡಾಕ್ಟರ್ ಕಾಯುತ್ತಿದ್ದರು.

"ಹಂಗಾರ... ರೊಟ್ಟಿ ಬಡೀತಾಳೇನ್ರಿ?" ಎಂದ. ಕೇಳಿದ್ದಕ್ಕೆ ತಾನೇ ನಾಚಿ, ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಹೆಗಲು ಮಾತ್ರ ಅಲುಗುತ್ತಿತ್ತು.

ಸಾವಕ್ಕನ ಮೂಗಿಗೆ ನಳಿಗೆ ಹಾಕಿದ್ದರು, ಮಾತು ಬಂದ್. ಊರಿನ ಫೋನುಗಳೆಲ್ಲ ಶಿದ್ದಪ್ಪನ ಕೊರಳಿಗೆ ಬಿದ್ದವು. ಮೊದಲಿಗೆ "ಆರಾಮದಾಳ" ಎಂದಷ್ಟೇ ಹೇಳಿ ಇಟ್ಟ. ಮರುದಿನದ ಫೋನುಗಳಲ್ಲಿ ಹಸಿರು ಗಂಟು ಬಂತು. ಆಮೇಲೆ ಅವನ ಕಥೆಯಲ್ಲಿ ಆಪರೇಶನ್ ಖೋಲಿಯ ದೀಪಗಳೆಲ್ಲ ಆರಿದವು, ಡಾಕ್ಟರ್ ಉಸಿರು ಬಿಗಿಹಿಡಿದರು, ಕಡಲೆಕಾಳು ಬೆಳೆದು ನೆಲ್ಲಿಕಾಯಿಯಾಯಿತು. ಕೇಳುತ್ತ ಮಲಗಿದ್ದ ಸಾವಕ್ಕ ನಗಲು ಹೋಗಿ, ಹೊಲಿಗೆ ಜಗ್ಗಿ, ಕಣ್ಣೀರು ತಂದುಕೊಂಡಳು.

ನಳಿಗೆ ತೆಗೆದ ದಿನ ಡಾಕ್ಟರ್ ರಜನಿ ಹಾಸಿಗೆಯ ಹತ್ತಿರ ನಿಂತು, "ಈಗ ಸಾವಕಾಶ ಒಂದೆರಡ ಮಾತಾಡ್ರಿ ನೋಡೂಣು" ಎಂದರು.

ಆಚೆ ಹಾಸಿಗೆಯ ಬಳಿ, ತಾಯಿಯ ಆರೈಕೆಗೆ ಬಂದಿದ್ದ ಶಮೀಮಳಿಗೆ ಶಿದ್ದಪ್ಪ ಎರಡೂ ಕೈ ಅಗಲಿಸಿ ಹೇಳುತ್ತಿದ್ದ, "ಕತ್ತಲಿ ಅಂದ್ರ ಎಂಥಾ ಕತ್ತಲಿ ಅಂತಿಯವ್ವಾ..."

ಸಾವಕ್ಕ ಬಾಯಿ ತೆರೆದಳು. ಗಂಡನನ್ನು ನೋಡಿದಳು. ತೆರೆದ ಬಾಯಿ ಮುಚ್ಚಿ, ತಡೀರಿ ಎಂದು ಡಾಕ್ಟರಿಗೆ ಕೈಸನ್ನೆ ಮಾಡಿದಳು: ಅವರದು ಮುಗೀಲಿ.